ಮರಳು ಮರಳುವ ಕಾಲ

ಗೋಕರ್ಣಕ್ಕೋ ಮಲ್ಪೆಗೋ ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು ಎಂದು ಯಾರನ್ನು ಕೇಳಿದರೂ ಉತ್ತರ ಒಂದೇ: ಅಕ್ಟೋಬರಿನಿಂದ ಮಾರ್ಚ್‌ವರೆಗೆ. ಮಳೆ ನಿಂತಿರುತ್ತದೆ, ಸೆಕೆ ಏರಿರುವುದಿಲ್ಲ, ಹೊರಡಿ. ಈ ಉತ್ತರದಲ್ಲಿ ಆಕಾಶವಿದೆ, ವಸತಿಗೃಹದ ಬಾಡಿಗೆಯಿದೆ, ಶಾಲೆಯ ರಜೆಯಿದೆ. ಯಾವುದನ್ನು ನೋಡಲು ಹೊರಟಿದ್ದೇವೋ ಆ ಕಡಲೇ ಇಲ್ಲ. ನನ್ನನ್ನು ಕೇಳಿದವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ಆ ತಿಂಗಳಲ್ಲಿ ಬೀಚಿನ ಮರಳು ಎಲ್ಲಿರುತ್ತದೆ? ದಡದ ಮೇಲೋ, ನೀರಿನೊಳಗೋ?

ತಮಾಷೆಗೆ ಕೇಳುವ ಪ್ರಶ್ನೆಯಲ್ಲ ಇದು. ಆಗಸ್ಟ್‌ನಲ್ಲಿ ಮರವಂತೆಯ ಹೆದ್ದಾರಿ ಬದಿಯಲ್ಲಿ ನಿಂತು ನೋಡಿ, ಅಲೆಗಳು ನೇರವಾಗಿ ತಡೆಗೋಡೆಯ ಬಂಡೆಗಳಿಗೇ ಬಂದು ಬಡಿಯುತ್ತಿರುತ್ತವೆ. ಫೆಬ್ರವರಿಯಲ್ಲಿ ಅವೇ ಬಂಡೆಗಳ ಮುಂದೆ ಮರಳು ಹಾಸಿಕೊಂಡಿರುತ್ತದೆ. ನಮ್ಮ ಸುಮಾರು 320 ಕಿ.ಮೀ. ಕರಾವಳಿಯ ಬಹುತೇಕ ಬೀಚುಗಳು ವರ್ಷಕ್ಕೊಮ್ಮೆ ಹೀಗೆ ನೀರಿಗಿಳಿದು ಮೇಲೆ ಬರುತ್ತವೆ. ಜುಲೈ ಬಂತೆಂದರೆ ಪತ್ರಿಕೆಗಳಲ್ಲಿ ‘ಕಡಲ್ಕೊರೆತ’ದ ಚಿತ್ರಗಳು ಶುರುವಾಗುತ್ತವೆ, ಆ ಕೊರೆತದ ದೊಡ್ಡ ಪಾಲು ಕಡಲು ತೆಗೆದುಕೊಂಡ ಸಾಲ, ಬೇಸಿಗೆಯೊಳಗೆ ತೀರುತ್ತದೆ. (ಉಳ್ಳಾಲದಂಥ ಕಡೆ ಹೋದದ್ದೆಲ್ಲ ಹಿಂದಿರುಗುವುದಿಲ್ಲ. ಅಲ್ಲಿ ಮನುಷ್ಯರ ಕೈವಾಡವೂ ಸೇರಿದೆ, ಅದಕ್ಕೆ ಬೇರೆಯದೇ ಲೇಖನ ಬೇಕು.)

ಹೋಗುವ ಬಗೆ ಸುಲಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಗಾಳಿ ಎರಡು ಮೂರು ಮೀಟರ್ ಎತ್ತರದ, ಒಂದರ ಬೆನ್ನಿಗೊಂದು ಅಂಟಿಕೊಂಡ ಕಡಿದಾದ ಅಲೆಗಳನ್ನು ತಳ್ಳಿಕೊಂಡು ಬರುತ್ತದೆ. ಅವು ಒಡೆದಾಗ ದಡದತ್ತ ನೀರು ರಾಶಿ ಬೀಳುತ್ತದೆ, ಆ ನೀರು ತಳದಗುಂಟ ವಾಪಸು ಹರಿಯುತ್ತದೆ, ಕದಡಿದ ಮರಳನ್ನೂ ಜೊತೆಗೊಯ್ಯುತ್ತದೆ. ಅಲೆ ಒಡೆಯುವ ಗೆರೆಯ ಹತ್ತಿರ ಹರಿವು ಸೋಲುತ್ತದೆ, ಮರಳು ಅಲ್ಲೇ ಕೂತು ದಡಕ್ಕೆ ಸಮಾನಾಂತರವಾಗಿ ಒಂದು ದಿಬ್ಬವಾಗುತ್ತದೆ. ದಿಬ್ಬ ಎದ್ದ ಮೇಲೆ ದೊಡ್ಡ ಅಲೆಗಳು ಅದರ ಮೇಲೇ ಒಡೆದು ಸುಸ್ತಾಗುತ್ತವೆ, ದಡಕ್ಕೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ಬೀಚು ತನ್ನ ಮೈಯ ಮರಳನ್ನೇ ಮುಂದೆ ಒಡ್ಡಿ ತನ್ನನ್ನು ಕಾಯ್ದುಕೊಳ್ಳುತ್ತದೆ. ಇದಕ್ಕಿಂತ ಚೆಂದದ ತಡೆಗೋಡೆಯನ್ನು ಯಾವ ಗುತ್ತಿಗೆದಾರನೂ ಕಟ್ಟಿಲ್ಲ.

ನನಗೆ ಹೆಚ್ಚು ಸೊಗಸಾಗಿ ಕಾಣುವುದು ಮರಳು ಹಿಂದಿರುಗುವ ಬಗೆ. ಬೇಸಿಗೆಯ ಅಲೆ ಎಷ್ಟು ನೀರನ್ನು ಮುಂದಕ್ಕೆ ತರುತ್ತದೋ ಹೆಚ್ಚುಕಡಿಮೆ ಅಷ್ಟನ್ನೇ ಹಿಂದಕ್ಕೆ ಒಯ್ಯುತ್ತದೆ. ಹಾಗಿದ್ದರೆ ಮರಳು ಮಾತ್ರ ದಡದ ಕಡೆಗೇ ಏಕೆ ಸರಿಯಬೇಕು? ಮೊರದಲ್ಲಿ ಅಕ್ಕಿ ಕೇರುವವರ ಕೈ ನೋಡಿದವರಿಗೆ ಉತ್ತರ ಅರ್ಧ ಗೊತ್ತಿರುತ್ತದೆ. ಕೈ ಹೋಗುವ ದೂರ, ಬರುವ ದೂರ ಎರಡೂ ಒಂದೇ. ಆದರೂ ಒಂದು ಕಡೆಗೆ ಬೀಸು ಜೋರಾಗಿದ್ದು ಇನ್ನೊಂದು ಕಡೆಗೆ ಮೆಲ್ಲಗಿದ್ದರೆ ಕಾಳು ಒಂದೇ ಬದಿಗೆ ಸೇರುತ್ತಾ ಹೋಗುತ್ತದೆ. ಆಳವಿಲ್ಲದ ನೀರಿಗೆ ಬಂದ ಉದ್ದನೆಯ ಅಲೆಯೂ ಹಾಗೆಯೇ. ಅದರ ಶಿಖರ ಚೂಪು, ತಗ್ಗು ಅಗಲ. ಶಿಖರ ದಾಟುವಾಗ ತಳದ ನೀರು ದಡದತ್ತ ಸ್ವಲ್ಪ ಹೊತ್ತು ಜೋರಾಗಿ ನುಗ್ಗುತ್ತದೆ. ತಗ್ಗು ದಾಟುವಾಗ ಬಹಳ ಹೊತ್ತು ನಿಧಾನವಾಗಿ ಹಿಂದೆ ಸರಿಯುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಹನ್ನೆರಡು ಸೆಕೆಂಡಿಗೊಮ್ಮೆ ಬರುವ ಅಲೆ ಎಂದಿಟ್ಟುಕೊಳ್ಳಿ. ನಾಲ್ಕು ಸೆಕೆಂಡು ಮುಂದಕ್ಕೆ, ಸೆಕೆಂಡಿಗೆ ಒಂದು ಮೀಟರಿನಂತೆ. ಎಂಟು ಸೆಕೆಂಡು ಹಿಂದಕ್ಕೆ, ಅರ್ಧ ಮೀಟರಿನಂತೆ. ನೀರು ನಾಲ್ಕು ಮೀಟರ್ ಹೋಗಿ ನಾಲ್ಕು ಮೀಟರ್ ಬಂತು, ಲೆಕ್ಕ ಚುಕ್ತಾ. ಮರಳಿನ ಲೆಕ್ಕ ಹೀಗಲ್ಲ. ಹರಿವು ಎಷ್ಟು ಮರಳನ್ನು ಹೊರುತ್ತದೆ ಎಂಬುದು ಸರಿಸುಮಾರು ವೇಗದ ಘನವನ್ನು ಅವಲಂಬಿಸಿದೆ: ವೇಗ ಅರ್ಧಕ್ಕಿಳಿದರೆ ಹೊರುವ ಶಕ್ತಿ ಎಂಟನೇ ಒಂದಕ್ಕಿಳಿಯುತ್ತದೆ. ಮುಂದಕ್ಕೆ ನಾಲ್ಕು ಪಾಲು, ಹಿಂದಕ್ಕೆ ಎಂಟನ್ನು ಎಂಟರಿಂದ ಭಾಗಿಸಿದ ಒಂದೇ ಪಾಲು. ದಿನಕ್ಕೆ ಇಂಥ ಏಳು ಸಾವಿರಕ್ಕೂ ಮಿಕ್ಕಿದ ಅಲೆಗಳು. ನಿಜವಾದ ಕಡಲು ಇಷ್ಟು ಶಿಸ್ತಿನದಲ್ಲ, ಆದರೆ ಒಲವು ಇದೇ. ನೀರಿನಂಚಿನಲ್ಲಿ ಪಾದ ಮುಳುಗುವಷ್ಟು ನಿಂತು ನೋಡಿದರೆ ಕೆಲಸದ ಕೊನೆಯ ಹಂತ ಕಾಣುತ್ತದೆ. ಅಲೆಯ ನಾಲಿಗೆ ಮೇಲೇರುತ್ತದೆ, ಒಂದಿಷ್ಟು ನೀರು ಒಣಮರಳಿನಲ್ಲಿ ಇಂಗುತ್ತದೆ, ಮರಳುವ ನೀರಿಗೆ ತಂದದ್ದನ್ನೆಲ್ಲ ಹೊತ್ತೊಯ್ಯುವ ಕಸುವು ಉಳಿದಿರುವುದಿಲ್ಲ. ಅದು ಬಿಟ್ಟುಹೋದ ನೊರೆಯ ಗೆರೆಯಲ್ಲಿ ಚಿಪ್ಪಿನ ಚೂರು, ಕರಿಮರಳಿನ ಕಣ ಸಾಲುಗಟ್ಟಿರುತ್ತವೆ. ಮಳೆಗಾಲದಲ್ಲಿ ಮರಳು ಮೊದಲೇ ನೆನೆದು ತುಂಬಿರುವುದರಿಂದ ಇಂಗುವ ಪ್ರಶ್ನೆಯೇ ಇಲ್ಲ.

ಇದನ್ನೆಲ್ಲ ವಿಜ್ಞಾನಿಗಳು ಗಂಭೀರವಾಗಿ ಅಳೆಯತೊಡಗಿದ್ದಕ್ಕೆ ಯುದ್ಧವೂ ಒಂದು ಕಾರಣ ಎಂಬುದು ಬೇಸರದ ಸಂಗತಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸಬೇಕಾದಾಗ, ನೀರಿನಡಿಯ ದಿಬ್ಬ ಎಲ್ಲಿದೆ, ದೋಣಿ ಎಲ್ಲಿ ತಳ ಹಿಡಿಯುತ್ತದೆ ಎಂಬುದು ಜೀವ ಮರಣದ ಪ್ರಶ್ನೆಯಾಯಿತು. ಅಮೆರಿಕದ ವಿಲ್ಲರ್ಡ್ ಬ್ಯಾಸ್ಕಮ್ ಮತ್ತು ಜಾನ್ ಐಸಾಕ್ಸ್ ನೆಲ ನೀರು ಎರಡರಲ್ಲೂ ಓಡುವ ಸೇನಾ ವಾಹನಗಳಲ್ಲಿ ಅಬ್ಬರದ ಅಲೆಗಳೊಳಕ್ಕೇ ನುಗ್ಗಿ ಪೆಸಿಫಿಕ್ ತೀರದ ಬೀಚುಗಳನ್ನು ಅಳೆದರು. ಅದಕ್ಕೂ ಮೊದಲು, 1936ರಲ್ಲಿ, ಭೂವಿಜ್ಞಾನಿ ಫ್ರಾನ್ಸಿಸ್ ಶೆಪರ್ಡ್ ಈಜುಗಾರರನ್ನು ಕಡಲಿಗೆ ಎಳೆಯುವ ಹರಿವಿಗೆ ‘ರಿಪ್ ಕರೆಂಟ್’ ಎಂದು ಹೆಸರಿಟ್ಟು, ಅದು ಉಬ್ಬರ ಇಳಿತದ ಆಟವೂ ಅಲ್ಲ, ತಳಕ್ಕೆಳೆಯುವ ಶಕ್ತಿಯೂ ಅಲ್ಲ ಎಂದು ವಿವರಿಸಿದ್ದ.

ತೊಂಬತ್ತು ವರ್ಷವಾದರೂ ಆ ಮಾತು ನಮ್ಮ ಬೀಚುಗಳನ್ನು ತಲುಪಿಲ್ಲ. ಯಾರಾದರೂ ಮುಳುಗಿದ ಸುದ್ದಿ ಬಂದರೆ ಸಾಕು: ಕಡಲು ವರ್ಷಕ್ಕಿಷ್ಟು ಬಲಿ ಕೇಳುತ್ತದೆ, ಅಲ್ಲೊಂದು ಸುಳಿಯಿದೆ, ಅದು ಪಾತಾಳಕ್ಕೆ ಎಳೆಯುತ್ತದೆ, ಅಮಾವಾಸ್ಯೆಗೆ ಕಡಲಿಗೆ ಹುಚ್ಚು ಹಿಡಿಯುತ್ತದೆ. ಕೇಳಿ ಕೇಳಿ ತಲೆ ಚಿಟ್ಟುಹಿಡಿದಿದೆ. ಬಲಿ ಎಂದುಕೊಂಡವರಿಗೆ ತಪ್ಪಿಸಿಕೊಳ್ಳುವ ದಾರಿ ಹೊಳೆಯುವುದಿಲ್ಲ. ಹರಿವು ಎಂದು ತಿಳಿದವರು ಅದರ ಅಡ್ಡಕ್ಕೆ ಈಜುತ್ತಾರೆ. ದಿಬ್ಬ ದಾಟಿ ದಡಕ್ಕೆ ಬಂದು ತುಂಬಿಕೊಂಡ ನೀರು ಹೊರಹೋಗಲು ದಿಬ್ಬದಲ್ಲಿ ಎಲ್ಲಿ ಕಂಡಿಯಿದೆಯೋ ಅಲ್ಲಿಂದ ನುಗ್ಗುತ್ತದೆ, ಅಷ್ಟೇ. ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸು. ಎರಡು ಮೀಟರ್ ಮುಟ್ಟಿದ್ದೂ ಉಂಟು. ಐವತ್ತು ಮೀಟರನ್ನು 21 ಸೆಕೆಂಡಿನಲ್ಲಿ ಮುಗಿಸುವ ಒಲಿಂಪಿಕ್ ಈಜುಗಾರನೂ ಅದರೆದುರು ಹೆಚ್ಚು ಹೊತ್ತು ನಿಲ್ಲಲಾರ. ಆದರೆ ಅದು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ; ಅಲೆ ಒಡೆಯುವ ಗೆರೆ ದಾಟಿದ ಮೇಲೆ ತಾನೇ ಸಡಿಲಗೊಳ್ಳುತ್ತದೆ. ಜೀವ ಹೋಗುವುದು ದಡದ ಕಡೆಗೇ ಈಜಿ ಈಜಿ ದಣಿದವರದು. ಅಮಾವಾಸ್ಯೆಯ ವಿಷಯದಲ್ಲಿ ಅಜ್ಜಿಯಂದಿರಿಗೆ ಅರ್ಧ ಅಂಕ ಕೊಡಬಹುದು: ಆ ದಿನಗಳಲ್ಲಿ ಇಳಿತ ಹೆಚ್ಚು, ದಿಬ್ಬದ ಮೇಲಿನ ನೀರು ತೆಳ್ಳಗಾಗಿ ಕಂಡಿಯಲ್ಲಿನ ಸೆಳೆತ ಬಿಗಿಯಾಗುತ್ತದೆ.

ದಿಬ್ಬ, ಕಂಡಿ ಎರಡೂ ಮಳೆಗಾಲದ ಕೊಡುಗೆಗಳು ಎಂಬುದನ್ನು ನೆನಪಿಟ್ಟುಕೊಂಡರೆ, ಅಕ್ಟೋಬರಿನ ದಸರಾ ರಜೆಯ ಬಗ್ಗೆ ನನಗೇಕೆ ಅಷ್ಟು ಗುಮಾನಿ ಎಂಬುದು ತಿಳಿಯುತ್ತದೆ. ಜುಲೈಯಲ್ಲಿ ಕಡಲೇ ಹೆದರಿಸುತ್ತದೆ, ಆಡಳಿತ ಬಲೆ ಕಟ್ಟಿ ತಡೆಯುತ್ತದೆ, ಯಾಂತ್ರಿಕ ದೋಣಿಗಳು ಕೂಡ ಜೂನ್ 1ರಿಂದ ಜುಲೈ 31ರವರೆಗೆ ಬಂದರಿನಲ್ಲೇ ಕಟ್ಟಿಕೊಂಡಿರುತ್ತವೆ. ಅಕ್ಟೋಬರಿನಲ್ಲಿ ಆಕಾಶ ತೊಳೆದಿಟ್ಟಂತೆ, ಅಲೆ ಸಾಧು. ತಳದ ಮರಳು ಮಾತ್ರ ಇನ್ನೂ ಮಳೆಗಾಲದಲ್ಲೇ ಇರುತ್ತದೆ. ಕಂಡಿಯ ಮೇಲೆ ನೀರು ಆಳವಾದ್ದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಎರಡೂ ಕಡೆ ಬಿಳಿನೊರೆ, ನಡುವೆ ಕಪ್ಪಗೆ ಶಾಂತವಾದ ಒಂದು ಪಟ್ಟಿ. ಈಜು ಬಾರದ ಕುಟುಂಬ ಮಕ್ಕಳನ್ನು ಕರೆದುಕೊಂಡು ಇಳಿಯಲು ಆರಿಸುವುದು ಆ ಪಟ್ಟಿಯನ್ನೇ.

ಅಕ್ಟೋಬರಿನ ಈ ಎಡಬಿಡಂಗಿತನಕ್ಕೆ ಬಲಿಯಾದ ಹಳಬ ವಾಸ್ಕೋ ಡ ಗಾಮಾ. 1498ರಲ್ಲಿ ಆಫ್ರಿಕದ ಮಲಿಂದಿಯಿಂದ ಕೇರಳಕ್ಕೆ ಅವನಿಗೆ ಹಿಡಿದದ್ದು 23 ದಿನ. ನೈರುತ್ಯ ಗಾಳಿ ಬೆನ್ನಿಗಿತ್ತು. ವಾಪಸಾಗುವಾಗ ಆ ಮನುಷ್ಯ ಗಾಳಿ ಪೂರ್ತಿ ತಿರುಗುವವರೆಗೆ ಕಾಯಲಿಲ್ಲ. ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ಹಡಗು ದುರಸ್ತಿ ಮಾಡಿಕೊಂಡು ಅಕ್ಟೋಬರ್ ಮೊದಲ ವಾರದಲ್ಲೇ ಹೊರಟ. ಒಂದು ಗಾಳಿ ಸತ್ತು ಇನ್ನೊಂದು ಹುಟ್ಟದ ಸಂಧಿಕಾಲ ಅದು. ಅದೇ ಸಮುದ್ರ ದಾಟಲು ಹೆಚ್ಚುಕಡಿಮೆ ಮೂರು ತಿಂಗಳು ಬೇಕಾಯಿತು, ಸ್ಕರ್ವಿ ರೋಗದಿಂದ ಸುಮಾರು ಮೂವತ್ತು ಮಂದಿ ಸತ್ತರು. ಅರಬ್ ನಾವಿಕರು ಶತಮಾನಗಳಿಂದ ಪಾಲಿಸುತ್ತಿದ್ದ ಗಾಳಿಯ ಪಂಚಾಂಗವನ್ನು ಇನ್ನೆರಡು ತಿಂಗಳು ನಂಬಿದ್ದರೆ ಸಾಕಿತ್ತು.

ನವೆಂಬರಿನಿಂದ ಸಣ್ಣ ಅಲೆಗಳು ದಿಬ್ಬವನ್ನು ದಡಕ್ಕೆ ಹೊರತೊಡಗುತ್ತವೆ, ಕಂಡಿಗಳು ತುಂಬುತ್ತಾ ಬರುತ್ತವೆ, ಜನವರಿಯ ಹೊತ್ತಿಗೆ ಬೀಚು ಮೈದುಂಬಿಕೊಂಡಿರುತ್ತದೆ. ಅಲೆಗಳ ಎತ್ತರ ಸಾಮಾನ್ಯವಾಗಿ ಒಂದು ಮೀಟರಿನ ಒಳಗೆ. ನನ್ನ ಮತ ಜನವರಿ ನಡುವಿನಿಂದ ಮಾರ್ಚ್ ಮೊದಲ ವಾರದವರೆಗಿನ ಕಾಲಕ್ಕೆ. ಬೆಂಗಳೂರಿನಿಂದ ಸ್ವೆಟರ್ ಹೊತ್ತು ತರಬೇಡಿ: ಮಂಗಳೂರಿನ ಡಿಸೆಂಬರ್, ಜನವರಿಯ ಮಧ್ಯಾಹ್ನಗಳು 32-33 ಡಿಗ್ರಿಯವು, ಜುಲೈಗಿಂತ ಬಿಸಿ. ಬೆಳಿಗ್ಗೆ ಘಟ್ಟದ ಕಡೆಯಿಂದ ಒಣಗಾಳಿ ಇಳಿದು ಕಡಲನ್ನು ಹಾಸಿದಂತೆ ಮಾಡಿರುತ್ತದೆ. ಮಧ್ಯಾಹ್ನದ ನಂತರ ಕಡಲಗಾಳಿ ಎದ್ದು ನೀರು ಕುಲುಕತೊಡಗುತ್ತದೆ. ಮಕ್ಕಳಿದ್ದವರಿಗೆ ಬೆಳಗ್ಗೆಯೇ ಲೇಸು.

ತಿಂಗಳು ಒಳ್ಳೆಯದೆಂದು ಜಾಗ ಮರೆಯುವಂತಿಲ್ಲ. 2024ರ ಡಿಸೆಂಬರಿನಲ್ಲಿ, ಎಲ್ಲರೂ ಒಳ್ಳೆಯದೆನ್ನುವ ಕಾಲದಲ್ಲೇ, ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಗುಡ್ಡದ ಮೂಗು ಕಡಲಿಗೆ ಚಾಚಿದಲ್ಲಿ, ಬಂಡೆಯ ಬದಿಗುಂಟ ಹರಿವು ಹೊರಕ್ಕೆ ತಿರುಗುವುದಕ್ಕೆ ಋತುವಿನ ಹಂಗಿಲ್ಲ. ಗೋಕರ್ಣದ ಕುಡ್ಲೆ, ಓಂ ಬೀಚುಗಳ ತುದಿಗಳಲ್ಲಿ ಈಜಬಾರದು ಎನ್ನುವುದು ಇದಕ್ಕೇ. ನದಿ ಕಡಲು ಸೇರುವ ಅಳಿವೆಗಳ ಬಾಯಿಯೂ ಹಾಗೆಯೇ. ಕಾವಲುಗಾರರಿರುವ ಹೊನ್ನಾವರದ ಕಾಸರಕೋಡು, ಪಡುಬಿದ್ರಿಯಂಥ ಬೀಚುಗಳಲ್ಲಿ ಅವರು ತೋರಿಸಿದಲ್ಲೇ ಇಳಿಯಿರಿ. ಬೇರೆ ಕಡೆಯಾದರೆ ಕೈರಂಪಣಿ ಬಲೆಯ ಮೀನುಗಾರರನ್ನು ಕೇಳಿ. ದಡದಿಂದ ಬಲೆ ಎಳೆಯಲು ತಳ ಸಮತಟ್ಟಾಗಿರಬೇಕು, ಆದ್ದರಿಂದ ಎಲ್ಲಿ ಹೊಂಡ, ಎಲ್ಲಿ ಕಲ್ಲು ಎಂಬುದು ಅವರಿಗೆ ಬಾಯಿಪಾಠ.

ಮಕ್ಕಳ ರಜೆ ಎಂದು ಮೇ ತಿಂಗಳಲ್ಲೇ ಬರಬೇಕಾದವರಿಗೆ ಇನ್ನೊಂದು ಮಾತು. ಆಗ ಮರಳು ಧಾರಾಳ, ನೀರು ಬೆಚ್ಚಗೆ, ಸೆಕೆ ವಿಪರೀತ. ಅಪರೂಪಕ್ಕೊಮ್ಮೆ, ಗಾಳಿಯೇ ಇಲ್ಲದ ನಿಚ್ಚಳ ದಿನದಲ್ಲಿ, ಅಲೆಗಳು ಬೀಚಿನ ಮೇಲೇರಿ ಚಪ್ಪಲಿ, ಚೀಲಗಳನ್ನೆಲ್ಲ ಬಾಚಿಕೊಂಡು ಹೋಗುತ್ತವೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳ ಹುಟ್ಟಿದ್ದು ಅಂಟಾರ್ಕ್ಟಿಕದ ಕಡೆಯ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ. ಹದಿನೆಂಟು ಸೆಕೆಂಡಿಗೊಮ್ಮೆ ಬರುವ ಅಂಥ ಅಲೆಗಳ ಶಕ್ತಿ ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಸಾಗುತ್ತದೆ, ಆರು ಸಾವಿರ ಕಿ.ಮೀ. ದಾಟಲು ಐದು ದಿನ ಸಾಕು. ಐದು ದಿನದ ಹಾದಿ ಇರುವುದರಿಂದಲೇ ಮುನ್ಸೂಚನೆಯೂ ಸಾಧ್ಯ: ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಎತ್ತರದ ಅಲೆಗಳ ಎಚ್ಚರಿಕೆಯನ್ನು ಜಿಲ್ಲಾವಾರು ಪ್ರಕಟಿಸುತ್ತದೆ. ಕೋಣೆ ಕಾಯ್ದಿರಿಸುವ ಮೊಬೈಲಿನಲ್ಲೇ ಅದೂ ಸಿಗುತ್ತದೆ.

ಪುದುಚೇರಿಗೋ ಮಹಾಬಲಿಪುರಕ್ಕೋ ಹೊರಟವರು ಇದಾವುದನ್ನೂ ಹಾಗೆಯೇ ಒಯ್ಯಬೇಡಿ. ಅಲ್ಲಿಯ ಮಳೆಗಾಲ ಅಕ್ಟೋಬರಿನಿಂದ ಡಿಸೆಂಬರ್.