ಬೆರೆಸಿದ ವೈನ್ ಅಂದರೆ ಕಡಿಮೆ ದರ್ಜೆಯದಾ?

ಪ್ರಶ್ನೆ: ನನ್ನ ತಮ್ಮ ಅಮೆರಿಕದಿಂದ ಒಂದು ರೆಡ್ ವೈನ್ ತಂದಿದ್ದಾನೆ. ಲೇಬಲ್ ಮೇಲೆ ದ್ರಾಕ್ಷಿಯ ಹೆಸರೇ ಇಲ್ಲ, 'ಮೆರಿಟೇಜ್' ಅಂತಷ್ಟೇ ಇದೆ. ಹಲವು ದ್ರಾಕ್ಷಿ ಬೆರೆಸಿದ್ದಂತೆ. ಬೆರೆಸಿದ್ದು ಅಂದರೆ ಕಡಿಮೆ ದರ್ಜೆಯದಾ?

ಉತ್ತರ: ಖಂಡಿತ ಅಲ್ಲ. ಬೆರಕೆ ಅಂದ ಕೂಡಲೇ ನಮಗೆ ನೀರು ಹಾಕಿದ ಹಾಲು ನೆನಪಾಗುತ್ತದೆ, ಅಲ್ವಾ? ಈ ಬಾಟಲಿಯ ಮಟ್ಟಿಗೆ ಮನೆಯ ಸಾರಿನ ಪುಡಿ ನೆನೆಸಿಕೊಳ್ಳಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಒಂದೇ ಮೆಣಸಿನಕಾಯಿ ಹಾಕಿದರೆ ಆ ಹದ ಬರುವುದಿಲ್ಲ.

ಈ ಬಗೆಯ ಬೆರಕೆ ವೈನಿನ ಮೂಲ ಫ್ರಾನ್ಸಿನ ಬೋರ್ಡೋ. ಅಟ್ಲಾಂಟಿಕ್ ಪಕ್ಕದ ಊರು, ಹವೆಯನ್ನು ನಂಬುವ ಹಾಗಿಲ್ಲ. ಮೆರ್ಲೋ ದ್ರಾಕ್ಷಿ ಬೇಗ ಚಿಗುರಿ ಬೇಗ ಹಣ್ಣಾಗುತ್ತದೆ, ಕ್ಯಾಬರ್ನೆ ಸೊವಿನ್ಯೋಂ ತಡ. ವಸಂತದ ಹಿಮಕ್ಕೆ ಮೆರ್ಲೋ ಸಿಕ್ಕಿಬಿದ್ದರೆ ಕ್ಯಾಬರ್ನೆ ಉಳಿಯಬಹುದು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಅಷ್ಟರಲ್ಲಿ ಮೆರ್ಲೋ ಬುಟ್ಟಿ ಸೇರಿರುತ್ತದೆ. ಎರಡನ್ನೂ ಬೆಳೆದ ರೈತ ಪೂರ್ತಿ ಮುಳುಗುವುದಿಲ್ಲ. ರುಚಿಯ ಲೆಕ್ಕವೂ ಇದೆ. ಬರೀ ಕ್ಯಾಬರ್ನೆ ಕುಡಿದರೆ ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಗರು ಒಸಡಿಗೆಲ್ಲ ಹಿಡಿಯುತ್ತದೆ. ಮೆರ್ಲೋ ಅದನ್ನು ಮೆತ್ತಗೆ ಮಾಡುತ್ತದೆ. ಇನ್ನೆರಡು ದ್ರಾಕ್ಷಿಗಳೂ ಇವೆ: ಕ್ಯಾಬರ್ನೆ ಫ್ರಾಂಕ್ ಪರಿಮಳ ಕೊಡುತ್ತದೆ, ಪೆಟಿ ವೆರ್ಡೋ ಚೂರೇ ಸಾಕು, ಬಣ್ಣ ಗಾಢವಾಗುತ್ತದೆ.

ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಬಿಸಿಲಿಗೆ ಬರ ಇಲ್ಲ. ಅಲ್ಲಿನವರು ಬೆರೆಸಿದ್ದು ಮುಖ್ಯವಾಗಿ ರುಚಿಗಾಗಿ. ಅಲ್ಲಿನ ವೈನ್ ತಯಾರಕ ಜೋಸೆಫ್ ಫೆಲ್ಪ್ಸ್ 1974ರ ಬೆಳೆಯಿಂದ 'ಇನ್ಸಿಗ್ನಿಯಾ' ಎಂಬ ಬೆರಕೆ ವೈನ್ ಮಾಡಿದರು. ಅಲ್ಲಿನವರೇ ಆದ ರಾಬರ್ಟ್ ಮೊಂಡಾವಿ ಬೋರ್ಡೋದ ವೈನ್ ತಯಾರಕ ಬ್ಯಾರನ್ ಫಿಲಿಪ್ ದ ರಾತ್‌ಶೀಲ್ಡ್ ಜೊತೆ ಸೇರಿ ಕಟ್ಟಿದ 'ಓಪಸ್ ಒನ್' 1979ರ ಬೆಳೆಯಿಂದ ಶುರುವಾಯಿತು.

ತೊಡಕು ಬಂದಿದ್ದು ಹೆಸರಿನಲ್ಲಿ. ಅಮೆರಿಕದ ಕಾನೂನಿನಂತೆ ಲೇಬಲ್ ಮೇಲೆ ಒಂದೇ ದ್ರಾಕ್ಷಿಯ ಹೆಸರು ಹಾಕಲು ಅದು ಕನಿಷ್ಠ 75% ಇರಬೇಕು. ಕ್ಯಾಬರ್ನೆ 70% ಇರುವ ಒಳ್ಳೆಯ ವೈನಿಗೆ ಏನಂತ ಕರೆಯುವುದು? ಬೋರ್ಡೋ ಅನ್ನುವ ಹಾಗಿಲ್ಲ, ಅದು ಊರಿನ ಹೆಸರು. ಸುಮ್ನೆ 'ರೆಡ್ ಟೇಬಲ್ ವೈನ್' ಅಂದರೆ ಅಗ್ಗದ ಮಾಲು ಅನ್ನಿಸುತ್ತದೆ. ಅದಕ್ಕೇ 1988ರಲ್ಲಿ ಕೆಲವು ವೈನ್ ತಯಾರಕರು ಒಂದಾಗಿ, ಹೆಸರಿಗಾಗಿ ಸ್ಪರ್ಧೆ ಇಟ್ಟರು. 6,000ಕ್ಕೂ ಹೆಚ್ಚು ಹೆಸರು ಬಂದವು. ಗೆದ್ದಿದ್ದು ಮೆರಿಟ್ ಮತ್ತು ಹೆರಿಟೇಜ್ ಕೂಡಿಸಿದ 'ಮೆರಿಟೇಜ್' ಎಂಬ ಈ ಪದ. ಫ್ರೆಂಚ್ ರಾಗ ಬೇಡ, ಹೆರಿಟೇಜ್ ಅಂದ ಹಾಗೇ ಅನ್ನಿ. ಈ ಹೆಸರು ಹಾಕಲು ಬೋರ್ಡೋ ತಳಿಗಳನ್ನಷ್ಟೇ ಬಳಸಬೇಕು, ಕನಿಷ್ಠ ಎರಡಿರಬೇಕು, ಯಾವುದೂ 90% ಮೀರಬಾರದು.

ಬರೀ 'ರೆಡ್ ಬ್ಲೆಂಡ್' ಅಂತಿದ್ದರೆ ಈ ಕಟ್ಟುಪಾಡು ಇಲ್ಲ. ಜಿನ್‌ಫಂಡೆಲ್ ದ್ರಾಕ್ಷಿ ಸೇರಿ ಏನು ಬೇಕಾದರೂ ಇರಬಹುದು, ಕೆಲವು ಸಿಹಿ ಕೂಡ. ಗ್ರೆನಾಶ್, ಸಿರಾ, ಮೂರ್ವೆದ್ರ್ ಎಂಬ ದ್ರಾಕ್ಷಿಗಳ ಹೆಸರು ಕಂಡರೆ ಅದು ದಕ್ಷಿಣ ಫ್ರಾನ್ಸಿನ ರೋನ್ ಕಣಿವೆಯ ದಾರಿ. ನನಗೆ ಆ ದಾರಿಯೂ ತುಂಬ ಇಷ್ಟ.

ನಿಮ್ಮ ಬಾಟಲಿಯ ಹಿಂದೆ ಪ್ರಮಾಣ ಬರೆದಿದ್ದರೆ ನೋಡಿ. ಕ್ಯಾಬರ್ನೆ ಜಾಸ್ತಿ ಇದ್ದರೆ ಗಾಜಿನ ಜಗ್ಗಿಗೆ ಸುರಿದು ಒಂದು ಗಂಟೆ ಬಿಡಿ, ಒಗರು ತಗ್ಗುತ್ತದೆ. ಮೆರ್ಲೋ ಜಾಸ್ತಿ ಇದ್ದರೆ ಅಷ್ಟು ಕಾಯಬೇಕಿಲ್ಲ.