ಪದ ಪರಿಚಯ: ಉರಿಬಡಿತ

ಶಿರಸಿ ಕಡೆಯ ನಮ್ಮ ಮನೆಯ ಬಚ್ಚಲೊಲೆಯಲ್ಲಿ ಒಂದು ಗುಳಿ ಇತ್ತು. ಒಲೆಯ ಬಾಯಿಂದ ಒಂದೂವರೆ ಮೊಳ ಒಳಗೆ, ಎಡಗೋಡೆಯಲ್ಲಿ, ಅಂಗೈಯಗಲ. ಪ್ರತಿ ವರ್ಷ ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕುವ ಹೊತ್ತಿಗೆ ಅಮ್ಮ ಹುತ್ತದ ಮಣ್ಣಿಗೆ ಸಗಣಿ, ಉಮಿ ಕಲಸಿ ಅದನ್ನು ಮೆತ್ತುತ್ತಿದ್ದಳು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಗುಳಿ ಮತ್ತೆ ಅಲ್ಲೇ. ಉಳಿದ ಗೋಡೆಗೆ ಏನೂ ಆಗುತ್ತಿರಲಿಲ್ಲ. ಅದೂ ಅದೇ ಚಿರೇಕಲ್ಲು, ಅದೇ ಮಣ್ಣು. ಯಾಕೆ ಹೀಗೆ ಎಂದು ಕೇಳಿದರೆ ಅಮ್ಮನದು ಒಂದೇ ಉತ್ತರ: "ಉರಿ ಅಲ್ಲಿಗೇ ಬಡೀತು."

ಆ ಮಾತಿಗೆ ಕಾರ್ಖಾನೆಯ ಭಾಷೆಯಲ್ಲೊಂದು ಹೆಸರಿದೆ ಎಂದು ಗೊತ್ತಾದದ್ದು ಕುಮಟಾ ಕಡೆಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೆ. ಫ್ಲೇಮ್ ಇಂಪಿಂಜ್‌ಮೆಂಟ್. ಜ್ವಾಲೆಯು ಕುಲುಮೆಯ ನಡುವಿನ ಖಾಲಿ ಜಾಗದಲ್ಲೇ ಉರಿದು ಮುಗಿಯಬೇಕು. ಹಾಗಾಗದೆ ಅದು ಗೋಡೆಗೋ ಚಾವಣಿಗೋ ನೀರಿನ ಕೊಳವೆಗೋ ನೇರ ಹೋಗಿ ತಾಗಿದರೆ ಆ ತಾಗುವಿಕೆಗೆ ಈ ಹೆಸರು. ಇದನ್ನು 'ಜ್ವಾಲಾಘಾತ' ಎಂದು ಕನ್ನಡಿಸಬಹುದು. ಆದರೆ ಬಾಯ್ಲರ್ ಮನೆಯಲ್ಲಿ ಯಾರ ಬಾಯಿಗೂ ಅದು ಹತ್ತುವುದಿಲ್ಲ. ಅಮ್ಮನ ಮಾತನ್ನೇ ಗಂಟು ಹಾಕಿ ನಾನು ಉರಿಬಡಿತ ಎನ್ನುತ್ತೇನೆ.

ಈ ಪದಕ್ಕೆ ಇಷ್ಟು ಜಾಗ ಕೊಡುವುದಕ್ಕೆ ಕಾರಣವಿದೆ. ಕುಲುಮೆಯ ಗೋಡೆ ಬಿಸಿಗೆ ಹಾಳಾಗುತ್ತದೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಗೋಡೆ ಹೋದರೆ ಇನ್ನೂ ಹೆಚ್ಚು ಬಿಸಿ ತಡೆಯುವ ಇಟ್ಟಿಗೆ ತರಿಸುತ್ತಾರೆ. ಕನ್ನಡದಲ್ಲಿ ಹುಟ್ಟಿ ಬೆಳೆದವರಿಗಾದರೂ ಈ ತಪ್ಪು ಆಗಬಾರದಿತ್ತು. ಯಾಕೆಂದರೆ ನಮ್ಮಲ್ಲಿ ಕಾವು ಬೇರೆ, ಝಳ ಬೇರೆ, ಉರಿ ಬೇರೆ, ಕೆಂಡ ಬೇರೆ. ಆಲೆಮನೆಯ ಒಲೆಬಾಯಿಯ ಎದುರು ಕೂತವರಿಗೆ ತಾಗುವುದು ಝಳ. ಅದನ್ನು ರಾತ್ರಿಯಿಡೀ ತಡೆದುಕೊಳ್ಳಬಹುದು. ಉರಿಯ ನಾಲಿಗೆ ಒಂದು ಸಲ ಮುಂಗೈ ನೆಕ್ಕಿದರೆ ಸಾಕು, ಬೊಬ್ಬೆ. ಕುಲುಮೆಯ ಗೋಡೆಯನ್ನು ಕಟ್ಟುವುದು ಝಳಕ್ಕೆ, ಉರಿಗಲ್ಲ.

ಒಳಗೆ ನಡೆಯುವುದೇನು? ಗೋಡೆಯ ಮೈಗೆ ಅಂಟಿಕೊಂಡು ಹೆಚ್ಚು ಅಲುಗಾಡದ ಅನಿಲದ ತೆಳು ಪೊರೆಯೊಂದು ಇರುತ್ತದೆ. ಅನಿಲ ಶಾಖವನ್ನು ಸಲೀಸಾಗಿ ದಾಟಿಸುವುದಿಲ್ಲವಾದ್ದರಿಂದ ಅದು ಗೋಡೆಗೆ ಕಂಬಳಿ ಹೊದೆಸಿದ ಹಾಗೆ. ಬಿಸಿನೀರಿನ ಬಕೆಟ್ಟಿಗೆ ಕಾಲಿಟ್ಟು ಅಲುಗದೆ ಕೂತರೆ ಹೇಗೋ ತಡೆಯುತ್ತದೆ, ನೀರು ಕದಡಿದ ತಕ್ಷಣ ಸುಡುತ್ತದೆ, ಅಲ್ಲವೇ? ನೀರಿನ ಬಿಸಿ ಏರಿಲ್ಲ, ಕಾಲಿನ ಸುತ್ತ ತುಸು ತಣಿದಿದ್ದ ಪೊರೆ ಹರಿದುಹೋಗಿದೆ ಅಷ್ಟೆ. ಜೋರಾಗಿ ನುಗ್ಗುವ ಜ್ವಾಲೆ ಗೋಡೆಯ ಪೊರೆಗೂ ಇದನ್ನೇ ಮಾಡುತ್ತದೆ. ಝಳ ಮೊದಲೇ ಇತ್ತು, ಅದರ ಮೇಲೆ ನೇರ ಸ್ಪರ್ಶದ ಕಾವೂ ಸೇರುತ್ತದೆ. ಅಕ್ಕಪಕ್ಕದ ಇಟ್ಟಿಗೆಗಳು ಮಂದ ಕಿತ್ತಳೆಯಲ್ಲಿದ್ದರೆ ಪೆಟ್ಟು ತಿಂದ ಜಾಗ ಹಳದಿಗೆ ತಿರುಗಿ ತುಪ್ಪ ಸವರಿದ ಹಾಗೆ ಮಿನುಗುತ್ತದೆ. ಕಂಡಿಯ ಗಾಜಿನಿಂದ ನೋಡುವವನಿಗೆ ಮೊದಲು ಸಿಗುವ ಸುಳಿವು ಆ ಮಿನುಗು.

ಬೆಂಕಿ ಇಟ್ಟಿಗೆಗೆ ಪುಸ್ತಕದಲ್ಲಿ ರಿಫ್ರ್ಯಾಕ್ಟರಿ ಎನ್ನುತ್ತಾರೆ. ಲ್ಯಾಟಿನ್ ಮೂಲಕ್ಕೆ ಹೋದರೆ ಹೇಳಿದ ಮಾತು ಕೇಳದ ಹಠಮಾರಿ ಎಂದರ್ಥ. ಅಂತರರಾಷ್ಟ್ರೀಯ ಮಾನಕದ ಪ್ರಕಾರ 1500 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಮೆತ್ತಗಾಗಿ ಬಾಗಬಾರದು. ಅಳೆಯುವ ಬಗೆ ಚೆಂದವಾಗಿದೆ: ಪರೀಕ್ಷಿಸಬೇಕಾದ ಸಾಮಗ್ರಿಯಿಂದ ಪುಟ್ಟ ಗೋಪುರ ಮಾಡಿ, ಇಂತಿಷ್ಟು ಬಿಸಿಗೆ ಬಾಗುತ್ತದೆ ಎಂದು ಗೊತ್ತಿರುವ ಗೋಪುರಗಳ ಜೊತೆ ಕಾಯಿಸುತ್ತಾರೆ. ಯಾವುದರ ಜೊತೆ ಇದರ ತುದಿಯೂ ತಲೆಬಾಗಿಸಿ ಪೀಠ ಮುಟ್ಟಿತೋ ಅದೇ ಇದರ ತಾಕತ್ತು. ಜರ್ಮನಿಯ ಹರ್ಮನ್ ಸೇಗರ್ 1886ರಲ್ಲಿ ರೂಢಿಗೆ ತಂದ ಶಂಕುಗಳು ಇವು. ನಮ್ಮ ಪೇಟೆಯಲ್ಲಿ ಇಷ್ಟೆಲ್ಲ ಮಾತಿಲ್ಲ. "ಐಎಸ್ 6 ಬೇಕೋ, ಐಎಸ್ 8 ಬೇಕೋ?" ಎಂದು ಕೇಳುತ್ತಾರೆ. ಎರಡೂ ಭಾರತೀಯ ಮಾನಕದ ಅಂಕಿಗಳು. 6 ಮಧ್ಯಮ ಬಿಸಿಗೆ, 8 ಹೆಚ್ಚು ಬಿಸಿಗೆ.

ಸರಿ, 1500 ಡಿಗ್ರಿ ತಡೆಯುವ ಇಟ್ಟಿಗೆ 1100 ಡಿಗ್ರಿಯ ಕುಲುಮೆಯಲ್ಲಿ ಯಾಕೆ ಕರಗಬೇಕು? ಶಂಕುವಿನ ಪರೀಕ್ಷೆಯಲ್ಲಿ ಬೂದಿ ಇರುವುದಿಲ್ಲ, ಅದಕ್ಕೆ. ಮರಳಿನ ಸಾರವಾದ ಸಿಲಿಕಾ ತಾನೊಂದೇ ಕರಗಲು 1700 ಡಿಗ್ರಿ ದಾಟಬೇಕು. ಅದಕ್ಕೆ ಕ್ಷಾರ ಸೇರಿದರೆ ಗಾಜು. ಪೊಟ್ಯಾಸಿಯಂ ಮತ್ತು ಸಿಲಿಕಾದ ಕೆಲವು ಬೆರಕೆಗಳು 800 ಡಿಗ್ರಿಯೊಳಗೇ ಕರಗತೊಡಗುತ್ತವೆ. ನಮ್ಮ ಕಡೆ ಒಲೆಗೆ ಹೋಗುವುದೇನು? ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಕಾಡುಕಟ್ಟಿಗೆ. ಇವುಗಳ ಬೂದಿಯಲ್ಲಿ ಪೊಟ್ಯಾಸಿಯಂ ಧಾರಾಳ. ಹಿಂದಿನವರು ಬೂದಿನೀರಲ್ಲಿ ಬಟ್ಟೆ ನೆನೆಸುತ್ತಿದ್ದದ್ದು ಈ ಕ್ಷಾರದ ಬಲದಿಂದಲೇ. ಉರಿ ಗೋಡೆಗೆ ಬಡಿದಾಗ ಈ ಬೂದಿಯನ್ನೂ ಹೊತ್ತು ತಂದು ಎರಚುತ್ತದೆ. ಬೆಂಕಿ ಇಟ್ಟಿಗೆಯ ಗಾತ್ರದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ರಂಧ್ರಗಳೇ ಇರುತ್ತವೆ, ಕರಗಿದ ಬೂದಿ ಒಳಗಿಳಿಯಲು ಅಷ್ಟು ದಾರಿ. ಇಳಿದಷ್ಟು ಆಳ ಇಟ್ಟಿಗೆ ಗಾಜಾಗುತ್ತದೆ. ಬಾಯ್ಲರ್ ಆರಿಸಿ ತಣಿಸಿದಾಗ ಗಾಜಿನ ಪದರ ಒಂದು ಅಳತೆಯಲ್ಲಿ ಕುಗ್ಗುತ್ತದೆ, ಹಿಂದಿನ ಇಟ್ಟಿಗೆ ಇನ್ನೊಂದು ಅಳತೆಯಲ್ಲಿ. ಪೇರಳೆ ಮರದ ತೊಗಟೆಯಂತೆ ಚಕ್ಕೆ ಎದ್ದು ಬೀಳುತ್ತದೆ. ಹೊಸ ಮೈ ಹೊರಬರುತ್ತದೆ, ಬೂದಿ ಮತ್ತೆ ಶುರು.

ಕಬ್ಬಿಣದ್ದು ಇನ್ನೊಂದು ಕಥೆ. ಗಾಳಿ ಸಾಲದ, ಹೊಗೆಯಾಡುವ ಉರಿ ತಾಗಿದರೆ ಇಟ್ಟಿಗೆಯೊಳಗಿನ ಕಬ್ಬಿಣದ ಆಕ್ಸೈಡ್ ರೂಪ ಬದಲಿಸಿ ಸಿಲಿಕಾದೊಂದಿಗೆ ಸೇರುತ್ತದೆ, 1200 ಡಿಗ್ರಿಯ ಆಸುಪಾಸಿನಲ್ಲೇ ಕರಗುವ ಕಿಟ್ಟವಾಗುತ್ತದೆ. ನಮ್ಮ ಚಿರೇಕಲ್ಲಿನ ಕೆಂಪು ಅಂದರೆ ಕಬ್ಬಿಣವೇ. ಬಚ್ಚಲೊಲೆಗೆ ನಡೆಯುತ್ತದೆ, ಬಾಯ್ಲರಿಗೆ ಸಲ್ಲದು. (ತಮಾಷೆಯೆಂದರೆ, ಈ ಕಲ್ಲಿಗೆ ಲೇಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನಮ್ಮ ಜಿಲ್ಲೆಯನ್ನೂ ಸುತ್ತಿಹೋದವನು. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ಇಟ್ಟಿಗೆಯ ಹೆಸರು ಹೊತ್ತ ಕಲ್ಲು ಕುಲುಮೆಗೆ ಇಟ್ಟಿಗೆಯಾಗಿ ಆಗಿಬರುವುದಿಲ್ಲ.) ಗೋಡೆಯ ಹಿಂಭಾಗದ ತುಸು ತಂಪು ಜಾಗದಲ್ಲಿ, ಅಂದರೆ 400ರಿಂದ 700 ಡಿಗ್ರಿಯ ನಡುವೆ, ಅದೇ ಹೊಗೆಯುರಿಯ ಕಾರ್ಬನ್ ಮೊನಾಕ್ಸೈಡ್ ಕಬ್ಬಿಣದ ಚುಕ್ಕೆಗಳ ಮೇಲೆ ಒಡೆದು ಮಸಿ ಕೂರಿಸುತ್ತದೆ. ಮಸಿ ಬೆಳೆದಂತೆ ಇಟ್ಟಿಗೆ ಒಳಗಿನಿಂದಲೇ ಬಿರಿಯುತ್ತದೆ.

ಇನ್ನು ನಮ್ಮ ಕಾರ್ಖಾನೆಯ ಕಥೆಗೆ ಬರುತ್ತೇನೆ. ಬೀಜವನ್ನು ಹಬೆಯಲ್ಲಿ ಬೇಯಿಸುವುದಕ್ಕೆ ಬಾಯ್ಲರ್, ಬಾಯ್ಲರಿಗೆ ಉರುವಲು ಗೇರುಬೀಜದ ಸಿಪ್ಪೆ. ಈ ಸಿಪ್ಪೆಯಲ್ಲಿ ಎಣ್ಣೆಯೇ ಕಾಲು ಪಾಲಿನಷ್ಟು. ತುರಿಯ, ಅಂದರೆ ಉರುವಲು ಉರಿಯುವ ಕಬ್ಬಿಣದ ಜಾಲರಿಯ, ಮೇಲೆ ಬಿದ್ದ ಕೂಡಲೇ ಎಣ್ಣೆ ಆವಿಯಾಗಿ ಮೇಲೇಳುತ್ತದೆ, ಉರಿಯುವುದು ತುರಿಯಿಂದ ದೂರ ಹೋದ ಮೇಲೆ. ಕೆಂಡದ ಬೆಂಕಿ ಇದ್ದಲ್ಲೇ ಇರುತ್ತದೆ. ಅಘನಾಶಿನಿಯ ಚಿಪ್ಪನ್ನು ಇದ್ದಿಲಿನ ಜೊತೆ ಪದರಪದರವಾಗಿ ಪೇರಿಸಿ ಸುಣ್ಣ ಸುಡುವ ಗೂಡಿನಲ್ಲಿ 900 ಡಿಗ್ರಿಯ ಕಾವಿದ್ದರೂ ಉರಿಬಡಿತದ ತಕರಾರಿಲ್ಲ. ಗೇರುಸಿಪ್ಪೆಯ ಉರಿ ಹಾಗಲ್ಲ, ಅದು ಗಾಳಿ ಹುಡುಕಿಕೊಂಡು ಓಡುತ್ತದೆ. ಗಾಳಿ ಕಡಿಮೆಯಾದಷ್ಟೂ ನಾಲಿಗೆ ಉದ್ದ.

ನಮ್ಮ ಎಡಗೋಡೆಯಲ್ಲಿ ಗುಳಿ ಬಿತ್ತು. ಮಾಲೀಕರು ಐಎಸ್ 6 ತೆಗೆಸಿ ಐಎಸ್ 8 ಹಾಕಿಸಿದರು. ನಾಲ್ಕೇ ತಿಂಗಳಲ್ಲಿ ಮತ್ತೆ ಗುಳಿ. ಮೂರನೇ ಸಲ ಯಾರೋ ಹೇಳಿದರೆಂದು ದುಬಾರಿ ಲೇಪನ ಬಳಿಸಿದರು. ಆ ಲೇಪನ ಮಾತ್ರ ಬಹಳ ಅಚ್ಚುಕಟ್ಟಾಗಿ, ಒಂದೇ ಹಾಳೆಯಾಗಿ, ಕಳಚಿ ಬಿತ್ತು. ಆಮೇಲೆ ಬಂದ, ಕುಲುಮೆಯ ಒಳಗೋಡೆ ಕಟ್ಟುವ ಲೈನಿಂಗ್ ಮೇಸ್ತ್ರಿ ಗೋಡೆ ನೋಡಲೇ ಇಲ್ಲ. ಬೂದಿಬಾಗಿಲು ತೆಗೆದು ಕೆಳಗಿನಿಂದ ತುರಿ ನೋಡಿದರು. ಬಲಗಡೆಯ ಅರ್ಧ ತುರಿ ಕತ್ತಲೆ. ಕಿಟ್ಟ ಕಟ್ಟಿ ಸಂದುಗಳೆಲ್ಲ ಮುಚ್ಚಿಹೋಗಿದ್ದವು. ಗಾಳಿಯೆಲ್ಲ ಎಡದಿಂದಲೇ ಏಳುತ್ತಿತ್ತು, ಉರಿಯೂ ಎಡಕ್ಕೇ ವಾಲುತ್ತಿತ್ತು. "ಗೋಡೆ ಬಿಸಿಗೆ ಹೋಗೂದಲ್ಲ ಮಾರಾಯ್ರೇ, ಪೆಟ್ಟಿಗೆ ಹೋಗೂದು. ಪೆಟ್ಟು ಕೊಡೋರನ್ನ ಬಿಟ್ಟು ತಿನ್ನೋರಿಗೆ ಮದ್ದು ಮಾಡ್ತಾ ಕೂತಿರಿ" ಎಂದರು. ಕಿಟ್ಟವನ್ನು ಆಗಾಗ ಸಲಾಕೆಯಿಂದ ಬಿಡಿಸುವುದು, ತುರಿಯ ಮೇಲ್ಗಡೆ ಗೋಡೆಯಲ್ಲಿದ್ದ, ಮಸಿ ಕಟ್ಟಿ ಮುಚ್ಚಿದ್ದ ಮೇಲ್ಗಾಳಿಯ ತೂತುಗಳನ್ನು ತೆರೆಯುವುದು, ಬುಟ್ಟಿಗಟ್ಟಲೆ ಸಿಪ್ಪೆ ಒಮ್ಮೆಲೇ ಸುರಿಯದೆ ಸ್ವಲ್ಪಸ್ವಲ್ಪ ಹಾಕುವುದು. ಅವರು ಹೇಳಿದ್ದು ಇಷ್ಟೇ. ಉರಿ ಗಿಡ್ಡವಾಯಿತು, ನೆಟ್ಟಗಾಯಿತು. ಕುಲುಮೆಯ ಹೊಗೆಯನ್ನು ಹೊರಗೆಳೆಯುವ ಐಡಿ ಫ್ಯಾನಿನ ಎಳೆತವನ್ನೂ ತುಸು ಇಳಿಸಿದೆವು. ಹೆಚ್ಚು ಎಳೆದರೆ ಉರಿ ಹಿಂದಿನ ಅಡ್ಡಗೋಡೆಗೆ ಹೋಗಿ ಬಡಿಯುತ್ತದೆ.

ಎಣ್ಣೆಯ ಬರ್ನರ್ ಇರುವ ಕಡೆಯೂ ಲೆಕ್ಕ ಇದೇ. ನಾಝಲ್ ಸವೆದರೆ ಎಣ್ಣೆ ಸಣ್ಣ ಹನಿಯಾಗಿ ಸಿಡಿಯುವುದಿಲ್ಲ. ದಪ್ಪ ಹನಿ ನಡುದಾರಿಯಲ್ಲಿ ಉರಿದು ಮುಗಿಯದೆ ಗೋಡೆಗೆ ಹೋಗಿ ಅಂಟಿ ಅಲ್ಲೇ ಉರಿಯುತ್ತದೆ, ಕರಿ ಗಡ್ಡೆ ಕಟ್ಟುತ್ತದೆ. ದಾಂಡೇಲಿ ಎಂದರೆ ಕಾಗದ ನೆನಪಾಗುವವರು ನಾವು. ಕಾಗದದ ಉದ್ಯಮದಲ್ಲಿ ಸುಣ್ಣ ಸುಡುವ ಉರುಳುಗೂಡು, ಅಂದರೆ ರೋಟರಿ ಕಿಲ್ನ್, ಬಳಕೆಯಲ್ಲಿದೆ. ಅದರ ಬರ್ನರ್ ನಡುಗೆರೆಯಿಂದ ಓರೆಯಾಗಿ ಜ್ವಾಲೆ ಗೋಡೆಗೆ ತಾಗಿದರೆ, ಗೂಡು ತಿರುಗುತ್ತಲೇ ಇರುವುದರಿಂದ ಗುಳಿಯ ಬದಲು ಸುತ್ತಲೂ ಬಳೆಯ ಹಾಗೆ ಇಟ್ಟಿಗೆ ಸವೆಯುತ್ತದೆ.

ಹಾಗಾದರೆ ಇಟ್ಟಿಗೆಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಎರಡನೇ ಮಾತಾಗಿ. ಅಲ್ಲೂ ನನ್ನ ಅನುಭವದಲ್ಲಿ ಇಟ್ಟಿಗೆಗಿಂತ ಮೊದಲು ಹೋಗುವುದು ಸಂದು. ಒಳ್ಳೆಯ ಮೇಸ್ತ್ರಿ ಇಟ್ಟಿಗೆಯನ್ನು ತೆಳ್ಳಗಿನ ಬೆಂಕಿಮಣ್ಣಿನ ಗಾರೆಯಲ್ಲಿ ಅದ್ದಿ, ಸುತ್ತಿಗೆಯ ಮರದ ಹಿಡಿಯಿಂದ ತಟ್ಟಿ ಕೂರಿಸುತ್ತಾನೆ. ಸಂದು ಒಂದೆರಡು ಮಿಲಿಮೀಟರ್ ಮೀರುವುದಿಲ್ಲ. ಮನೆ ಕಟ್ಟುವ ಗಾರೆಯವರು ಅಭ್ಯಾಸಬಲದಿಂದ ಬೆರಳು ದಪ್ಪ ಗಾರೆ ಹಾಕಿದರೆ ಉರಿ ಅಲ್ಲಿಂದಲೇ ಒಳನುಗ್ಗುತ್ತದೆ. ಹಿಗ್ಗುವುದಕ್ಕೆ ಜಾಗವನ್ನೂ ಬಿಡಬೇಕು. 1000 ಡಿಗ್ರಿಯಲ್ಲಿ ಮೂರು ಮೀಟರಿನ ಗೋಡೆ ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದವಾಗುತ್ತದೆ. ಜಾಗವಿಲ್ಲದಿದ್ದರೆ ಇಟ್ಟಿಗೆಯ ಅಂಚುಗಳು ಒಂದನ್ನೊಂದು ಒತ್ತಿ ಸಿಡಿಯುತ್ತವೆ. ಆ ಸಂದಿಗೆ ಸಿರಾಮಿಕ್ ಫೈಬರಿನ ಬಿಳಿ ಹಾಸು ತುಂಬುತ್ತಾರೆ. ಪೇಟೆಯಲ್ಲಿ ಸಿಗುವುದು ಹೆಚ್ಚಾಗಿ 1260 ಡಿಗ್ರಿಯ ದರ್ಜೆ. ಬಿಸಿಗೆ ಅದು ಜಗ್ಗುವುದಿಲ್ಲ, ಆದರೆ ನುಗ್ಗಿ ಬರುವ ಉರಿ ಹತ್ತಿಯ ಹಾಗೆ ಕಿತ್ತು ಹಾರಿಸುತ್ತದೆ. ಇದನ್ನು ಕತ್ತರಿಸುವವರು ಮೂಗಿಗೆ ಸರಿಯಾದ ಮಾಸ್ಕ್ ಹಾಕಲೇಬೇಕು. ಇದರ ಧೂಳನ್ನು ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. ನಮ್ಮಲ್ಲಿ ಟವೆಲ್ ಸುತ್ತಿಕೊಂಡು ಮುಗಿಸುವವರೇ ಹೆಚ್ಚು.

ಇಟ್ಟಿಗೆಯ ಬದಲು ಕಾಂಕ್ರೀಟಿನ ಹಾಗೆ ಕಲಸಿ ಸುರಿದು ಕಟ್ಟುವ ಬೆಂಕಿಗಾರೆ, ಅಂದರೆ ಕ್ಯಾಸ್ಟೆಬಲ್, ಹಾಕಿದ ಮೇಲೆ ಅವಸರ ಬೇಡ. ಅದರೊಳಗಿನ ನೀರು 110 ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಹೊರಬರಬೇಕು, ಆಮೇಲೂ ಗಂಟೆಗೆ 25ರಿಂದ 50 ಡಿಗ್ರಿಯಂತೆ ಏರಿಸಬೇಕು. ನಾಳೆಯೇ ಬಾಯ್ಲರ್ ಪೂರ್ತಿ ಓಡಬೇಕೆಂದು ಒಮ್ಮೆಲೇ ಉರಿ ಹಚ್ಚಿದರೆ ಒಳಗೆ ಹಬೆಯಾಗಿ ತುಂಡುತುಂಡು ಹಾರುತ್ತದೆ. ಕರಾವಳಿಯ ಜೂನ್‌ನಲ್ಲಿ ಈ ಕೆಲಸ ಹಚ್ಚಿಕೊಳ್ಳುವವರ ಧೈರ್ಯ ಮೆಚ್ಚಬೇಕು.

ಹುತ್ತದ ಮಣ್ಣಿಗೆ ಅಮ್ಮ ಹಾಕುತ್ತಿದ್ದ ಉಮಿಯ ಅರ್ಥ ನನಗೆ ಆದದ್ದೂ ಈ ಕೆಲಸದಲ್ಲೇ. ಗೋಡೆಯ ಹಿಂಬದಿಗೆ ಇಡುವ ಹಗುರ ಇನ್ಸುಲೇಶನ್ ಇಟ್ಟಿಗೆ ಮಾಡುವಾಗ ಮಣ್ಣಿಗೆ ಮರದ ಹೊಟ್ಟು ಬೆರೆಸುವ ಕ್ರಮವಿದೆ. ಸುಟ್ಟಾಗ ಹೊಟ್ಟು ಉರಿದುಹೋಗಿ ಅದರ ಜಾಗ ಖಾಲಿ ಉಳಿಯುತ್ತದೆ, ಆ ಖಾಲಿಯೇ ಕಾವು ತಡೆಯುತ್ತದೆ. ಉಮಿಯದೂ ಅದೇ ಕೆಲಸ. ಆದರೆ ಇಂಥ ತೂತುತೂತಾದ ಸಾಮಗ್ರಿಯನ್ನು ಉರಿ ಬಡಿಯುವ ಮುಂಬದಿಗೇ ಇಟ್ಟರೆ ಬಾಳದು. ಅಮ್ಮನ ಮೆತ್ತಿಗೆ ವರ್ಷ ತುಂಬುವುದರೊಳಗೆ ಉದುರುತ್ತಿದ್ದದ್ದು ಅದಕ್ಕೇ.

ಕಳೆದ ಹಬ್ಬಕ್ಕೆ ಊರಿಗೆ ಹೋದವನು ಇದನ್ನೆಲ್ಲ ಅಮ್ಮನಿಗೆ ವಿವರಿಸಿ, ಕಟ್ಟಿಗೆಯನ್ನು ಒಂದು ಗೇಣು ಹೊರಗೆ ಎಳೆದು ಉರಿಸು, ಗೋಡೆಗೆ ಬಡಿಯುವುದು ತಪ್ಪುತ್ತದೆ ಎಂದೆ. ಅವಳು ಒಲೆಯನ್ನೂ ನನ್ನನ್ನೂ ನೋಡಿ, "ಹಂಗಾರೆ ನೀರು ಕಾಯ್ತಿಲ್ಲೆ" ಎಂದಳು. ನಿಜವೇ. ಹಂಡೆ ಕೂತಿರುವುದು ಹಿಂದಕ್ಕೆ, ಉರಿ ಅದರ ಅಡಿಗೇ ಹೋಗಬೇಕು. ಅಡಿಯಿಂದ ಹೊಗೆಗೂಡಿನ ಕಡೆ ತಿರುಗುವಾಗ ಎಡಗೋಡೆಯನ್ನು ಸವರದೆ ಬೇರೆ ದಾರಿಯಿಲ್ಲ. ಗುಳಿ ಕೆರೆದು ಚೌಕ ಮಾಡಿ, ಕುಮಟಾದಿಂದ ತಂದಿದ್ದ ಎರಡು ಬೆಂಕಿ ಇಟ್ಟಿಗೆಯನ್ನು ಗಾರೆಯಿಲ್ಲದೆ, ಕಿತ್ತು ತೆಗೆಯಲು ಬರುವ ಹಾಗೆ ಅಲ್ಲಿ ಸಿಕ್ಕಿಸಿ ಬಂದೆ. ಅಮ್ಮ ಅದರ ಮೇಲೂ ಹುತ್ತದ ಮಣ್ಣು ಮೆತ್ತಿದ್ದಾಳಂತೆ.