"ನಂಗೂ ಹಿಂಗೇ ಆಗಿತ್ತು ಕನೆ": ಹಂಚಿಕೊಂಡ ನೆನಪು ಅಂದ್ರೆ ಏನು?

ಶೇರ್ಡ್ ಮೆಮೊರಿ ಅಂತ ಗೂಗಲ್ ಮಾಡಿದ್ರೆ ಮೊದ್ಲು ಬರೋದು ಕಂಪ್ಯೂಟರ್ ವಿಷ್ಯ, ನಾನ್ ಹೇಳೋಕೆ ಹೊರಟಿರೋದು ಅದಲ್ಲ. ಹೆಣ್ಮಕ್ಳ ಚಳವಳೀಲಿ ಓಡಾಡೋರು ಈ ಮಾತನ್ನ ಬೇರೆ ಅರ್ಥದಲ್ಲಿ ಬಳಸ್ತಾರೆ, ಕನ್ನಡದಲ್ಲಿ ಹಂಚಿಕೊಂಡ ನೆನಪು ಅನ್ನಬಹುದು. ಡಿಕ್ಷನರಿ ತೆಗೆಯೋದಕ್ಕಿಂತ ನಮ್ ಮಂಡ್ಯ ಕಡೆ ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿರೋ ಹೆಂಗಸ್ರನ್ನ ನೋಡಿದ್ರೆ ಬೇಗ ಅರ್ಥ ಆಗುತ್ತೆ. ಒಬ್ಳು ಗಂಡನ ಮನೇಲಿ ಆಗಿದ್ದು ಏನೋ ಹೇಳ್ತಾಳೆ, ಪಕ್ಕದೋಳು ಕೈಲಿದ್ದ ಕಾಯಿ ಹಂಗೇ ಹಿಡ್ಕೊಂಡು "ನಂಗೂ ಹಿಂಗೇ ಆಗಿತ್ತು ಕನೆ" ಅಂತಾಳೆ. ಶುರುವಾಗೋದು ಆ ಎರಡನೇ ಮಾತಿಂದ. ಅಲ್ಲೀತನಕ ಅದು ಅವಳ ಹಣೆಬರಹ, ಆಮೇಲೆ ಅದು ಯಾರೋ ಮಾಡಿದ್ದು, ಯಾಕ್ ಮಾಡಿದ್ರಿ ಅಂತ ಕೇಳಬಹುದಾದ್ದು.

ಊರ ನೆನಪು ಅಂತ ಇನ್ನೊಂದಿದೆ, ಅದನ್ನ ಇದಕ್ಕೆ ಬೆರೆಸ್ಬೇಡಿ. 1938ರ ಶಿವಪುರ ಧ್ವಜ ಸತ್ಯಾಗ್ರಹ ಅಂದ್ರೆ ಮದ್ದೂರು ಕಡೆ ಎಲ್ರಿಗೂ ಗೊತ್ತು, ಅದರ ನೆನಪಿಗೆ ಕಟ್ಟಿದ ಸೌಧಾನೂ ಇದೆ. ಅವತ್ತು ಸೇರಿದ್ದ ಅಷ್ಟು ಜನಕ್ಕೆ ಮುದ್ದೆ ತಿರುವಿದ್ದು ಯಾರು ಅಂತ ಕೇಳಿ ನೋಡಿ.

ಜಗಲಿ ಮಾತು ದೇಶ ದಾಟೋದು ಹೆಂಗೆ ಅನ್ನೋದಕ್ಕೆ ನಂಗೆ ಸದಾ ನೆನಪಾಗೋದು ಕೊರಿಯಾದ ಕಿಮ್ ಹಾಕ್ ಸುನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನ್ ಸೈನ್ಯ ಸಾವಿರಾರು ಹೆಣ್ಮಕ್ಳನ್ನ ಸೈನಿಕರ ಲೈಂಗಿಕ ಗುಲಾಮರನ್ನಾಗಿ ಇಟ್ಕೊಂಡಿತ್ತು, ಅವರಿಗೆ 'ಕಂಫರ್ಟ್ ವಿಮೆನ್' ಅಂತ ಹೆಸರು ಬೇರೆ, ಯಾರಿಗೆ ಕಂಫರ್ಟೋ. ಯುದ್ಧ ಮುಗಿದು 40 ವರ್ಷ ದಾಟಿದ್ರೂ ಹೆಚ್ಚುಕಡಿಮೆ ಎಲ್ರೂ ಬಾಯಿ ಮುಚ್ಕೊಂಡೇ ಇದ್ರು, ಇದ್ರಲ್ಲಿ ಸರ್ಕಾರದ ಪಾತ್ರವೇ ಇಲ್ಲ ಅಂತ ಜಪಾನ್ ಅಂದಾಗ ಅವರಲ್ಲಿ ಒಬ್ರಾದ ಕಿಮ್‌ಗೆ ತಡೆಯೋಕಾಗ್ಲಿಲ್ಲ, 1991ರ ಆಗಸ್ಟ್ 14ಕ್ಕೆ ಕ್ಯಾಮೆರಾ ಮುಂದೆ ಸ್ವಂತ ಹೆಸರು ಹೇಳ್ಕೊಂಡು ಕೂತ್ಬಿಟ್ರು. 1992ರಲ್ಲಿ ಫಿಲಿಪ್ಪೀನ್ಸ್‌ನ ಮರಿಯಾ ರೋಸಾ ಹೆನ್ಸನ್ ಹಿಂಗಾದೋರು ಮುಂದೆ ಬನ್ನಿ ಅನ್ನೋ ಕರೆ ರೇಡಿಯೋದಲ್ಲಿ ಕೇಳಿ ಮುಂದೆ ಬಂದ್ರು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಯಾನ್ ರಫ್ ಓಹರ್ನ್ ಅನ್ನೋ ಡಚ್ ಮೂಲದ ಅಜ್ಜಿ ಟಿವೀಲಿ ಕೊರಿಯಾ ಹೆಂಗಸ್ರನ್ನ ನೋಡಿ, ಹತ್ತತ್ರ 50 ವರ್ಷ ಒಳಗಿಟ್ಕೊಂಡಿದ್ದನ್ನ ಹೊರಗೆ ಹಾಕಿದ್ರು. ಭಾಷೆ ಬೇರೆ ದೇಶ ಬೇರೆ, ಮಾತು ಮಾತ್ರ ಅದೇ, ನಂಗೂ ಹಿಂಗೇ ಆಗಿತ್ತು ಅಂತ. ಒಬ್ಳೇ ಹೇಳಿದ್ರೆ ಸುಳ್ಳು ಅಂದ್ಬಿಡಬಹುದು, ಒಬ್ರಿಗೊಬ್ರು ಪರಿಚಯಾನೇ ಇಲ್ದೋರು ಮೂರು ದೇಶದಿಂದ ಅದನ್ನೇ ಹೇಳಿದ್ರೆ ಏನಂತೀರಿ? ಸಿಯೋಲ್‌ನ ಜಪಾನ್ ರಾಯಭಾರ ಕಚೇರಿ ಮುಂದೆ ಬುಧವಾರ ಬುಧವಾರ ಪ್ರತಿಭಟನೆಗೆ ನಿಲ್ಲೋದು ಶುರುವಾಗಿದ್ದೂ 1992ರ ಜನವರೀಲೇ.

ಇದರಲ್ಲಿ ನಮ್ಮ ಬೆಂಗಳೂರಿಂದೂ ಪಾಲಿದೆ, ವಿಮೋಚನಾ ಅನ್ನೋ ಹೆಣ್ಮಕ್ಳ ಸಂಘಟನೆ ಕಟ್ಟಿದೋರಲ್ಲಿ ಒಬ್ರಾದ ಕೊರಿನ್ ಕುಮಾರ್ ಹೆಣ್ಮಕ್ಳ ನ್ಯಾಯಾಲಯ ಅನ್ನೋ ಯೋಚನೆ ತಂದ್ರು, ಮೊದಲನೇದು ನಡೆದಿದ್ದು 1993ರಲ್ಲಿ, ಅದೂ ಲಾಹೋರ್‌ನಲ್ಲಿ. ಅಲ್ಲಿ ಜೈಲಿಗೆ ಹಾಕೋ ಅಧಿಕಾರ ಇಲ್ಲ, ಅನುಭವಿಸಿದೋಳು ತನ್ನ ಮಾತಲ್ಲೇ ಹೇಳ್ಬೇಕು, ಉಳಿದೋರು ಕೂತು ಕೇಳ್ಬೇಕು.

ಈ ಕೇಳೋದೇ ನಮ್ಮಲ್ಲಿ ಕಷ್ಟ. 2023ರಲ್ಲಿ ಮಂಡ್ಯದ ಒಂದು ಆಲೆಮನೇಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ದ ಜಾಲ ಸಿಕ್ತಲ್ಲ, ಪೇಪರ್ ತುಂಬಾ ಡಾಕ್ಟರು, ಬ್ರೋಕರು, ಪೊಲೀಸು, ಅಲ್ಲಿ ಮಲಗಿದ್ದೋರು ಏನ್ ಹೇಳಿದ್ರು ಅಂತ ನಾನಂತೂ ಎಲ್ಲೂ ಓದ್ಲಿಲ್ಲ. ಹಾಗಂತ ಅವರ ಬಾಯಿಗೆ ಮೈಕ್ ಹಿಡಿದ್ರೆ ಆಯ್ತು ಅಂತಲ್ಲ. ಯಾರ ಕಥೆ, ಎಲ್ಲೀತನಕ ಹೋಗ್ಬೇಕು, ಅದನ್ನ ಹೇಳೋಳೇ ತೀರ್ಮಾನ ಮಾಡ್ಬೇಕು, ಆಗ್ಲೇ ಅದು ಹಂಚಿಕೊಂಡಿದ್ದು, ಇಲ್ದಿದ್ರೆ ಕಿತ್ಕೊಂಡಿದ್ದು. ಇದು ನಂಗೆ ಗೊತ್ತಾಗಿದ್ದು ಜಗಲಿ ಮೇಲೇ. ನಮ್ಮ ಬೀದಿ ಅಜ್ಜಿ ಒಬ್ರು ತಮ್ಮ ಮೂರನೇ ಬಸುರಿನ ವಿಷ್ಯ ಶುರು ಮಾಡಿದ್ರು, ನಾನು ಒಳ್ಳೇದಾಯ್ತು ಅಂತ ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿ ಪಕ್ಕದಲ್ಲಿ ಇಟ್ಟೆ, ಅಜ್ಜಿ ಅದನ್ನೇ ನೋಡಿ ಸುಮ್ನಾದ್ರು, ಇನ್ನೆರಡು ಕಾಯಿ ಬಿಡಿಸಿದ್ರು.

"ಅದ ಒಳೀಕ್ ಮಡಗವ್ವ, ಆಮ್ಯಾಕ್ ಏಳ್ತೀನಿ."